ಕಿಂಗ್‌ಸ್ಟನ್ ಬಂದರಿನಲ್ಲಿ ತಡೆದ ಮಡಿಲಕ್ಕಿ

ನನ್ನಿಂದಾಗಿ ಒಬ್ಬ ಹೆಂಗಸಿನ ಕೆಲಸ ಹೋಯಿತು. ನಾನು ಒಂದು ಮಾತು ಆಡಿದ್ದರೆ ಹೋಗುತ್ತಿರಲಿಲ್ಲ. ಹೋಗಿದ್ದರೂ ಅವರೊಬ್ಬರದೇ ಹೋಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಗುಟ್ಟು ಮಾಡಿಕೊಂಡು ಹೋಗಿ ಆಮೇಲೆ ಬಿಚ್ಚಿಡುವಷ್ಟು ಉಮೇದು ನನಗೀಗ ಉಳಿದಿಲ್ಲ.

ಮೂಡಿಗೆರೆ ಹತ್ತಿರದ ಒಂದು ಸಣ್ಣ ಕ್ಯೂರಿಂಗ್ ಶೆಡ್ಡಿನಲ್ಲಿ ನಾನು ರೈಟರ್. ನಮ್ಮ ಕಡೆ ರೈಟರ್ ಅಂದರೆ ಹಾಜರಿ ಹಾಕುವುದು, ಲಾರಿ ಹತ್ತಿಸುವುದು, ಕಾಗದಪತ್ರ ಬರೆಯುವುದು, ಯಾರ ತಪ್ಪಿಗಾದರೂ ಮೊದಲು ಬೈಸಿಕೊಳ್ಳುವುದು. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸುತ್ತಲಿನ ಬೆಳೆಗಾರರು ಒಣಗಿಸಿದ ಕಾಫಿ ತಂದು ಹಾಕುತ್ತಾರೆ. ನಮ್ಮಲ್ಲಿ ಅದರ ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರೆ ಮಾಡಿ, ಕಪ್ಪು ಬೀಜ, ಒಡಕು ಬೀಜ ಕೈಯಲ್ಲಿ ಆರಿಸಿ ತೆಗೆದು, ಚೀಲಕ್ಕೆ ತುಂಬಿ ಹೊಲಿಯುತ್ತಾರೆ. ಈಗ ಆರಿಸುವುದಕ್ಕೂ ಯಂತ್ರ ಬಂದಿದೆ. ಆದರೂ ಕೊನೆಗೆ ಒಂದು ಸಲ ಹೆಂಗಸರ ಕಣ್ಣಮುಂದೆ ಹಾಯದೆ ಕಾಫಿ ಹೊರಗೆ ಹೋಗುವುದಿಲ್ಲ.

ಆ ಹೆಂಗಸರಿಗೆಲ್ಲ ಹಿರಿಯರು ದೊಡ್ಡಕ್ಕ. ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಕರೆಯುವುದಕ್ಕೆ ಮಾತ್ರ ಎಲ್ಲರಿಗೂ, ಸಾಹುಕಾರರಿಗೂ, ದೊಡ್ಡಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು. ಕಳಸದಾಚೆ ಸಂಸೆಯವರು, ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ನಿಂತವರು. ಮೇಜಿನ ಮೇಲೆ ಬೀಜ ಹರಡಿದರೆ ಅವರ ಬಾಯಿ ಊರ ಸುದ್ದಿ ಹೇಳುತ್ತಿತ್ತು, ಕೈ ತನ್ನ ಪಾಡಿಗೆ ಕಪ್ಪು ಬೀಜ ಹೆಕ್ಕುತ್ತಿತ್ತು. ಬೈಯುವುದರಲ್ಲೂ ಅವರೇ ಮುಂದು. ಯಾರಾದರೂ ಚೀಲವನ್ನು ಧೊಪ್ಪೆಂದು ಎತ್ತಿಹಾಕಿದರೆ, "ಮನೇಲಿ ಹೆಂಡ್ತಿ ಮೇಲೆ ಸಿಟ್ಟಿದ್ರೆ ಅಲ್ಲೇ ತೀರಿಸ್ಕೊಂಡ್ ಬಾ ಮಾರಾಯ, ಕಾಫಿ ಏನ್ ಮಾಡಿತ್ತು ನಿಂಗೆ" ಅನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ವರ್ಷದ ಮೊದಲ ಲೋಡು ಶೆಡ್ಡಿನಿಂದ ಹೊರಡುವಾಗ ಅದಕ್ಕೆ ಮಡಿಲಕ್ಕಿ ಕಟ್ಟಿಕೊಡುವುದು. ಹೊಸ ರವಿಕೆ ಕಣದಲ್ಲಿ ಒಂದು ಹಿಡಿ ಅಕ್ಕಿ, ಅರಿಸಿನದ ಕೊಂಬು, ಎರಡು ವೀಳ್ಯದೆಲೆ, ಅಡಿಕೆ, ಬೆಲ್ಲದಚ್ಚು. ಅದರ ಜೊತೆಗೆ ಶೆಡ್ಡಿನ ಬೇಲಿ ಪಕ್ಕದ ಕಾಫಿ ಗಿಡದಿಂದ ಎಲೆಯಿರುವ ಒಂದು ಚಿಕ್ಕ ರೆಕ್ಕೆ, ಕೊಂಬೆಗೆ ನಮ್ಮ ಕಡೆ ಹಾಗೇ ಅನ್ನುವುದು. ತವರಿಂದ ಹೊರಟ ಮಗಳಿಗೆ ಮಡಿಲು ತುಂಬಿ ಕಳಿಸುವ ಹಾಗೆ. ಇದನ್ನು ನೋಡಿ ಹಿಂದಿನ ಸಾಹುಕಾರರು ನಗುತ್ತಿದ್ದರು. "ಕೊಟ್ ಕಳ್ಸಿದ್ ಮೇಲೆ ಅದು ನಮ್ ಮಗ್ಳೇ ಅಲ್ವಾ, ಬರಿಗೈಲಿ ಹೆಂಗ್ ಕಳ್ಸೋದು" ಅನ್ನುವುದು ದೊಡ್ಡಕ್ಕನ ವಾದ. ಆಗೆಲ್ಲ ನಮ್ಮ ಕಾಫಿ ಲಾರಿಯಲ್ಲಿ ಚಾರ್ಮಾಡಿ ಇಳಿದು ಮಂಗಳೂರಿನ ಯಾರದೋ ಗೋಡೌನಿಗೆ ಹೋಗುತ್ತಿತ್ತು. ಗಂಟು ಡ್ರೈವರ್ ಪಕ್ಕದಲ್ಲಿ ಕೂರುತ್ತಿತ್ತು. ಕೊಟ್ಟಿಗೆಹಾರ ಬರುವಷ್ಟರಲ್ಲಿ ಬೆಲ್ಲ ಖಾಲಿ, ಅಡಿಕೆ ಎಲೆ ಖಾಲಿ, ಮಿಕ್ಕಿದ್ದು ಘಾಟಿಯ ಯಾವುದೋ ತಿರುವಿನಲ್ಲಿ ಹಕ್ಕಿಗಳಿಗೆ. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಆಮೇಲೆ ಈಗಿನ ಸಾಹುಕಾರರು ಬಂದರು. ಕೆಟ್ಟವರಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯ. ಅವರಿಗೆ ಒಂದೇ ಹಠ: ನಮ್ಮ ಕಾಫಿ ನಮ್ಮ ಹೆಸರಲ್ಲೇ ಹೊರದೇಶಕ್ಕೆ ಹೋಗಬೇಕು, ಮಧ್ಯದಲ್ಲಿ ಯಾರೂ ಇರಬಾರದು. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಎರಡು ವರ್ಷ ತಡಕಾಡಿ, ಕೊನೆಗೆ ಜಮೈಕಾ ಅನ್ನುವ ದ್ವೀಪದಲ್ಲಿ ಕಾಫಿ ಹುರಿಯುವ ಒಬ್ಬರನ್ನು ಹಿಡಿದರು. ಕೆರಿಬಿಯನ್ ಸಮುದ್ರದ ನಡುವಿನ ದೇಶ, ಕಿಂಗ್‌ಸ್ಟನ್ ಅಂತ ಅದರ ಬಂದರು. ನನಗೆ ಗೊತ್ತಿದ್ದದ್ದು ಅಲ್ಲಿ ಕ್ರಿಕೆಟ್ ಆಡುತ್ತಾರೆ ಅನ್ನುವುದು ಮಾತ್ರ.

"ಅಲ್ಲೇ ಕಾಫಿ ಬೆಳೀತಾರಂತಲ್ಲ ಸಾರ್, ನಮ್ದು ಯಾಕೆ ಅವ್ರಿಗೆ?" ಅಂತ ಕೇಳಿದೆ.

"ಅವ್ರ ಬೆಟ್ಟದ್ ಕಾಫಿ ಚಿನ್ನದ ಬೆಲೇಗೆ ಹೊರಗ್ ಹೋಗುತ್ತೆ ಕಣ್ರೀ. ಅವ್ರು ಕುಡಿಯೋದಕ್ಕೆ ಹೊರಗಿಂದ ತರಿಸ್ತಾರೆ" ಅಂದರು.

ನನಗೆ ನಗು ಬಂತು. ನಮ್ಮಲ್ಲೂ ಅದೇ ಕಥೆ ತಾನೆ. ಒಳ್ಳೇ ಬೀಜವೆಲ್ಲ ಹಡಗು ಹತ್ತುತ್ತದೆ. ಅದನ್ನು ಬೆಳೆದವನು, ಆರಿಸಿದವಳು, ಹೊಲಿದವನು ಬಸ್‌ಸ್ಟ್ಯಾಂಡ್ ಹೋಟ್ಲಿನಲ್ಲಿ ಚಿಕೋರಿ ಕುಡಿಯುತ್ತಾರೆ.

ಏಪ್ರಿಲ್ ತಿಂಗಳಲ್ಲಿ ಕಂಟೇನರ್ ಮೊದಲ ಸಲ ನಮ್ಮ ಶೆಡ್ಡಿನ ಬಾಗಿಲಿಗೇ ಬಂತು. ಬೆಳಗ್ಗೆ ಎಂಟಕ್ಕೆ ಬರಬೇಕಾದದ್ದು ಹನ್ನೆರಡೂವರೆಗೆ ಬಂತು. ಚಾರ್ಮಾಡಿಯಲ್ಲಿ ಅಷ್ಟು ದೊಡ್ಡ ಗಾಡಿ ಬಿಡುವುದಿಲ್ಲ, ಶಿರಾಡಿ ಹತ್ತಿ ಸಕಲೇಶಪುರ ಸುತ್ತಿ ಬರಬೇಕು. ಮರುದಿನ ಬೆಳಗ್ಗೆಯೊಳಗೆ ಮಂಗಳೂರಿನ ಬಂದರಿನ ಗೇಟು ದಾಟದಿದ್ದರೆ ಆ ಹಡಗು ತಪ್ಪುತ್ತದೆ, ಇನ್ನೊಂದು ಹಡಗು ಯಾವಾಗಲೋ. ನಾನು ಹಿಂದಿನ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಕಸ್ಟಮ್ಸ್ ಕಾಗದ, ಗಿಡ ರೋಗ ಇಲ್ಲವೆಂಬ ಸರ್ಟಿಫಿಕೇಟು, ಹುಳು ಸಾಯಲೆಂದು ಔಷಧಿ ಹೊಗೆ ಹಾಕಿಸಿದ ಸರ್ಟಿಫಿಕೇಟು, ಒಂದೊಂದಕ್ಕೂ ಹತ್ತು ಫೋನು. ಒಂದು ಕಾಗದದಲ್ಲಿ, ಈ ಪೆಟ್ಟಿಗೆಯೊಳಗೆ ಕಾಫಿ ಬೀಜ ಮತ್ತು ಚೀಲ ಬಿಟ್ಟು ಮಣ್ಣು, ಎಲೆ, ಕಡ್ಡಿ, ಹುಳು, ಬೇರೆ ಯಾವ ಕಾಳೂ ಇಲ್ಲ ಅಂತ ಬರೆದಿತ್ತು. ಅದಕ್ಕೆ ಬೆಳಗ್ಗೆಯೇ ಸಹಿ ಹಾಕಿದ್ದೆ. ಅದನ್ನು ಓದಿಯೇ ಸಹಿ ಹಾಕಿದ್ದೆ, ಇಲ್ಲ ಅನ್ನುವುದಿಲ್ಲ.

ಮುನ್ನೂರ ಇಪ್ಪತ್ತು ಚೀಲ ಒಳಗೆ ಹೋಗುವಷ್ಟರಲ್ಲಿ ಐದು ಗಂಟೆ. ಕೊನೆಯ ಸಾಲು ಜೋಡಿಸಿದ ಮೇಲೆ ಬಾಗಿಲು ತೆರೆದಿಟ್ಟು ಫೋಟೋ ತೆಗೆಯಬೇಕು, ಆಮೇಲೆ ಮುಚ್ಚಿ ಸೀಲ್ ಹೊಡೆಯಬೇಕು. ಫೋಟೋ ತೆಗೆದೆ. ಸೀಲ್ ಕೈಗೆ ತಗೊಂಡು ತಿರುಗಿದರೆ ದೊಡ್ಡಕ್ಕ ಗಂಟು ಹಿಡಿದುಕೊಂಡು ನಿಂತಿದ್ದರು. ಡ್ರೈವರಿಗೆ ಕೊಡಲು ಹೋಗಿದ್ದರಂತೆ. ಡ್ರೈವರ್ ಕೊಟ್ಟಿಗೆಹಾರದ ಸಾಬರು, ಹಳೇ ಪರಿಚಯ, ಹಿಂದೆ ನಮ್ಮ ಲಾರಿಯನ್ನೇ ಓಡಿಸಿದ್ದವರು. ಅವರು ಇದ್ದದ್ದು ಇದ್ದಹಾಗೆ ಹೇಳಿದ್ದರು: "ನಾನು ಮಂಗ್ಳೂರಲ್ಲಿ ಡಬ್ಬಿ ಇಳ್ಸಿ ವಾಪಸ್ ಬರ್ತೀನಿ ದೊಡ್ಡಕ್ಕ. ಹಡಗು ಹತ್ತೋದು ಡಬ್ಬಿ ಮಾತ್ರ. ನನ್ ಕೈಲಿ ಕೊಟ್ರೆ ಬೆಲ್ಲ ತಿಂದು ಮನೇಗ್ ಹೋಗ್ತೀನಿ, ಅಷ್ಟೇ."

ದೊಡ್ಡಕ್ಕನಿಗೆ ಅದು ಸರಿ ಕಾಣಲಿಲ್ಲ. ಘಾಟಿ ಇಳಿಯುವುದಕ್ಕೇ ಮಡಿಲು ಕಟ್ಟುತ್ತಿದ್ದವರು ಸಮುದ್ರ ದಾಟುವುದಕ್ಕೆ ಕಟ್ಟದೆ ಬಿಡುತ್ತಾರೆಯೇ.

"ರೈಟ್ರೇ, ಇದನ್ನ ಒಳಗೆ ಇಡ್ಲಾ? ಚೀಲದ್ ಮೇಲೆ, ಮೂಲೇಲಿ. ಯಾರಿಗೂ ಅಡ್ಡ ಆಗಲ್ಲ."

ಡ್ರೈವರ್ ಎರಡು ಸಲ ಹಾರನ್ ಹೊಡೆದಿದ್ದರು. ಸಾಹುಕಾರರು ಆಫೀಸಿನೊಳಗೆ ಫೋನಿನಲ್ಲಿದ್ದರು. ನನ್ನ ತಲೆ ಸಿಡಿಯುತ್ತಿತ್ತು. ಎಲೆ, ಕಡ್ಡಿ, ಕಾಳು ಅನ್ನುವ ಆ ಸಾಲು ಒಂದು ಕ್ಷಣ ಮನಸ್ಸಿಗೆ ಬಂತು. ಬಂತು ಅನ್ನುವುದನ್ನು ನಾನು ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ. ಅಂಗೈಯಗಲದ ಗಂಟು, ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಯಾರು ನೋಡುತ್ತಾರೆ ಅಂದುಕೊಂಡೆ.

"ಇಡಿ ದೊಡ್ಡಕ್ಕ, ಬೇಗ ಇಡಿ" ಅಂದೆ.

ಅವರು ಸ್ಟೂಲು ಹತ್ತಿ ಕೊನೇ ಸಾಲಿನ ಚೀಲದ ಮೇಲೆ ಗಂಟಿಟ್ಟು, ಕೈ ಮುಗಿದು ಇಳಿದರು. ನಾನು ಬಾಗಿಲು ಹಾಕಿ ಸೀಲ್ ಹೊಡೆದೆ. ಸಂಜೆ ಮನೆಗೆ ಹೋಗಿ ಊಟ ಮಾಡಿ ಒಳ್ಳೇ ನಿದ್ದೆ ಮಾಡಿದೆ.

ನಮ್ಮ ಡಬ್ಬಿ ಮಂಗಳೂರಿನಿಂದ ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಯಿತು, ಅಲ್ಲಿ ದೊಡ್ಡ ಹಡಗು ಹತ್ತಿತು. ಈಗ ಬಹಳಷ್ಟು ಹಡಗುಗಳು ಆಫ್ರಿಕಾವನ್ನೇ ಸುತ್ತಿಕೊಂಡು ಹೋಗುತ್ತವಂತೆ. ನಮ್ಮದೂ ಹಾಗೇ ಹೋಯಿತು. ಫೋನಿನಲ್ಲಿ ಡಬ್ಬಿಯ ನಂಬರ್ ಒತ್ತಿದರೆ ಅದು ಎಲ್ಲಿದೆ ಅಂತ ಒಂದು ಚುಕ್ಕಿ ತೋರಿಸುತ್ತಿತ್ತು. ದೊಡ್ಡಕ್ಕ ದಿನಾ ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು, "ಎಲ್ಲಿಗ್ ಬಂತು ರೈಟ್ರೇ?" ಅನ್ನುತ್ತಿದ್ದರು. ಬರಿ ನೀಲಿ ಬಣ್ಣದ ನಡುವೆ ಚುಕ್ಕಿ ತೋರಿಸುತ್ತಿದ್ದೆ. "ಇಷ್ಟ್ ನೀರಾ" ಅಂತ ಹೋಗಿ ಮತ್ತೆ ಮೇಜಿನ ಮುಂದೆ ಕೂರುತ್ತಿದ್ದರು.

ಜೂನ್ ಕೊನೆಗೆ ಚುಕ್ಕಿ ಕಿಂಗ್‌ಸ್ಟನ್ ಮುಟ್ಟಿತು. ಅಲ್ಲಿಂದ ನಾಲ್ಕನೇ ದಿನ ಮೆಸೇಜು ಬಂತು.

ಅಲ್ಲಿ ನಮ್ಮ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಒಬ್ಬರು ಹೆಂಗಸು. ಅವರಿಗೆ ಬೆಳಗ್ಗೆ ಎಂಟು ಅಂದರೆ ನಮಗೆ ಸಂಜೆ ಆರೂವರೆ. ಶೆಡ್ಡಿನಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಆರು ಗಂಟೆಗೆ ಎಲ್ಲರೂ ಮನೆಗೆ ಹೋದ ಮೇಲೆ ನಾನು ಅಲ್ಲಿ ಕೊಡೆ ಹಿಡಿದು ನಿಂತು ಅವರ ಮೆಸೇಜಿಗೆ ಕಾಯಬೇಕು. ಆ ದಿನ ಮೊದಲು ಬಂದದ್ದು ಒಂದು ಫೋಟೋ. ಸ್ಟೀಲ್ ಮೇಜಿನ ಮೇಲೆ ರವಿಕೆ ಕಣ ಬಿಚ್ಚಿಟ್ಟಿದ್ದರು. ಅಕ್ಕಿ, ಕೊಂಬು, ಕೊಳೆತ ಎಲೆ, ಕರಗಿದ ಬೆಲ್ಲ, ಒಣಗಿದ ಕಾಫಿ ರೆಕ್ಕೆ. ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು. ಬೆಲ್ಲದ ಸುತ್ತ ಕಪ್ಪು ಚುಕ್ಕಿಗಳು. ಅವು ಇರುವೆ, ಕೆಲವು ಜೀವಂತ ಇವೆ ಅಂತ ಕೆಳಗೆ ಬರೆದಿದ್ದರು. ನಮ್ಮ ಶೆಡ್ಡಿನ ಇರುವೆ ಟಿಕೆಟ್ಟಿಲ್ಲದೆ ಎರಡು ಸಮುದ್ರ ದಾಟಿತ್ತು.

ಆಮೇಲಿನ ಮೆಸೇಜು: ಎಲೆಯ ಹಿಂದೆ ಹಳದಿ ಪುಡಿಯಿದೆ. ಇದು ಎಲೆ ತುಕ್ಕು ರೋಗ ಅನ್ನುವುದು ಇಲ್ಲಿನ ಅಧಿಕಾರಿಗಳ ಅನುಮಾನ. ಪೆಟ್ಟಿಗೆ ತಡೆಹಿಡಿದಿದ್ದಾರೆ. ಪೂರ್ತಿ ಸುಟ್ಟುಹಾಕುವ ಆದೇಶ ಬರಬಹುದು.

ನೀರಿನ ಟ್ಯಾಂಕಿನ ಪಕ್ಕದಲ್ಲೇ ನಿಂತು ಅದನ್ನು ಇನ್ನೊಂದು ಸಲ ಓದಿದೆ.

ಮೂರು ವಾರ ಆ ಹೆಂಗಸಿನ ಜೊತೆ ದಿನಾ ಸಂಜೆ ಬರೆದಾಡಿದೆ. ನನ್ನ ಇಂಗ್ಲಿಷು ಎಸ್ಟೇಟ್ ಇಂಗ್ಲಿಷು, ಚೀಲ ಲಾರಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಅವರೂ ಚುಟುಕಾಗಿ ಬರೆಯುತ್ತಿದ್ದರು. ಬಂದರು ಅಂದರೇನು ಅಂತ ನನಗೆ ಗೊತ್ತಾದದ್ದು ಆ ಮೂರು ವಾರದಲ್ಲಿ. ಅದಕ್ಕೆ ಮೊದಲು ಬಂದರೆಂದರೆ ನಮ್ಮ ಕಾಫಿ ಕಣ್ಮರೆಯಾಗುವ ಜಾಗ, ಅಷ್ಟೇ.

ನಮಗೆ ಮಂಗಳೂರು ಇಲ್ಲದಿದ್ದರೆ ಕೊಚ್ಚಿ, ಕೊಚ್ಚಿ ಇಲ್ಲದಿದ್ದರೆ ಚೆನ್ನೈ. ರೈಲಿದೆ, ರೋಡಿದೆ. ಅವರಿಗೆ ಹಾಗಲ್ಲ. ದ್ವೀಪದವರು ತಿನ್ನುವ ಅಕ್ಕಿ, ಬ್ರೆಡ್ಡಿನ ಗೋಧಿ, ಉಪ್ಪುಮೀನು, ಔಷಧಿ, ಟೈರು, ಓಡಿಸುವ ಹಳೇ ಕಾರು, ಬಹುಪಾಲು ಆ ಬಂದರಿನ ಮೂಲಕವೇ ಒಳಗೆ ಬರಬೇಕು. ಅವರು ಹೊರಗೆ ಮಾರುವ ಕಾಫಿಯೂ ಅಲ್ಲಿಂದಲೇ ಹೊರಡಬೇಕು. ಅದರ ಜೊತೆಗೆ, ಪನಾಮಾ ಕಾಲುವೆಯ ಕಡೆಯಿಂದ ಬರುವ ದೊಡ್ಡ ಹಡಗುಗಳ ಸಾಮಾನು ಅಲ್ಲೇ ಇಳಿದು, ಸಣ್ಣ ಹಡಗು ಹತ್ತಿ ಸುತ್ತಲಿನ ಬೇರೆ ದ್ವೀಪಗಳಿಗೆ ಹೋಗುತ್ತದೆ. ನಮ್ಮ ಕೊಟ್ಟಿಗೆಹಾರ ಇದ್ದ ಹಾಗೆ: ಇಲ್ಲಿ ಇಳಿದು, ಒಂದು ನೀರ್‌ದೋಸೆ ತಿಂದು, ಇನ್ನೊಂದು ಬಸ್ಸು ಹತ್ತಬೇಕು. ಆ ಬಂದರಿನಲ್ಲಿ ಒಂದು ವಾರ ಕ್ರೇನ್ ನಿಂತರೆ ಅಂಗಡಿಗಳ ಅಟ್ಟ ಖಾಲಿಯಾಗುತ್ತದೆ ಅಂತ ಆಕೆ ಬರೆದರು. ಹಾಗಿದ್ದ ಮೇಲೆ ಆ ಬಾಗಿಲು ಕಾಯುವವರು ಬಿಗಿಯಾಗಿರದೆ ಹೇಗಿರುತ್ತಾರೆ.

ಒಂದು ಸಂಜೆ ಅವರು ಬಂದರಿನ ಫೋಟೋ ಕಳಿಸಿದರು. ಸಾಲು ಸಾಲು ಡಬ್ಬಿ, ಬಣ್ಣ ಬಣ್ಣದ್ದು, ಅವುಗಳ ಮೇಲೆ ಕತ್ತು ಚಾಚಿದ ಕ್ರೇನುಗಳು. ಹಿಂದೆಯೇ ಬೆಟ್ಟ, ತುದಿಗೆ ಮೋಡ. ನಮ್ಮೂರ ಹತ್ತಿರದ ದೇವರಮನೆ ಗುಡ್ಡದಲ್ಲಿ ನಿಂತು ನೋಡಿದರೆ ಕಾಣುವಂಥದೇ ಬೆಟ್ಟ. "ಆ ಬೆಟ್ಟದಲ್ಲೇ ನಮ್ಮ ಕಾಫಿ ಇರುವುದು" ಅಂತ ಬರೆದಿದ್ದರು. "ಬಂದರಿನಿಂದ ಗಾಡಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆ ತೋಟ. ನಮ್ಮಲ್ಲಿ ರೋಗ ಇಲ್ಲ ಅಂತಲ್ಲ, ಇದೆ. ಇನ್ನೊಂದು ಬಗೆಯದು ಬೇಡ ಅಂತ. ನನ್ನ ಅಣ್ಣನಿಗೂ ಅಲ್ಲಿ ಎರಡು ಎಕರೆ ಇದೆ."

ಅದನ್ನು ಓದಿದ ಮೇಲೆ ಆ ಅಧಿಕಾರಿಗಳ ಮೇಲಿದ್ದ ಸಿಟ್ಟು ನನಗೆ ಉಳಿಯಲಿಲ್ಲ. ಎಲೆ ತುಕ್ಕು ಬಂದರೆ ಗಿಡ ಹೇಗೆ ಬೋಳಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಯಾರಾದರೂ ಹೊರದೇಶದಿಂದ ರೋಗದ ರೆಕ್ಕೆ ತಂದು ಎಸೆದಿದ್ದರೆ ನಾವೇನು ಅವರಿಗೆ ಹಾರ ಹಾಕುತ್ತಿದ್ದೆವಾ?

ಗಂಟು ಏನು ಅಂತ ನಾನು ವಿವರಿಸಿದೆ. ಮಗಳು, ತವರು, ಅಕ್ಕಿ, ನನ್ನ ಇಂಗ್ಲಿಷಿನಲ್ಲಿ. ಆಕೆ ಬರೆದರು: "ನಾವೂ ಹೊಸ ಮನೆ ಕಟ್ಟುವಾಗ ನೆಲಕ್ಕೆ ರಮ್ ಚಿಮುಕಿಸುತ್ತೇವೆ. ನನಗೆ ಅರ್ಥವಾಗುತ್ತದೆ. ಅಧಿಕಾರಿಗಳಿಗೆ ಇದನ್ನು ಹೇಳಬೇಡಿ. ಅವರಿಗೆ ಬೇಕಾದದ್ದು ಒಂದು ಕಾಗದ. ಇದು ಹೇಗೆ ಒಳಗೆ ಬಂತು, ಯಾರಿಂದ ಬಂತು, ಇನ್ನು ಮುಂದೆ ಬರುವುದಿಲ್ಲ ಅನ್ನುವುದಕ್ಕೆ ಏನು ಮಾಡಿದ್ದೀರಿ. ಅದು ಸರಿಯಿದ್ದರೆ ಗಂಟು ಸುಟ್ಟು, ಕಾಫಿಗೆ ಹೊಗೆ ಹಾಕಿ ಬಿಡಬಹುದು. ಸರಿಯಿಲ್ಲದಿದ್ದರೆ ಎಲ್ಲವನ್ನೂ ಸುಡುತ್ತಾರೆ."

ಇದನ್ನು ಸಾಹುಕಾರರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಆಮೇಲೆ ನಾನು ತೆಗೆದ ಫೋಟೋ ಕೇಳಿದರು. ಬಾಗಿಲು ತೆರೆದಿದ್ದ, ಚೀಲ ತುಂಬಿದ್ದ ಆ ಫೋಟೋದಲ್ಲಿ ಗಂಟಿರಲಿಲ್ಲ. ಗಂಟು ಇಟ್ಟದ್ದು ಫೋಟೋ ತೆಗೆದ ಮೇಲೆ ತಾನೆ.

"ನೀವು ಸೀಲ್ ತರಕ್ಕೆ ಹೋದಾಗ ಇಟ್ಟಿದಾರೆ" ಅಂದರು ಸಾಹುಕಾರರು.

ಅವರು ಕೇಳಲಿಲ್ಲ, ಹೇಳಿದರು. ನಾನು ಇಲ್ಲ ಅನ್ನಬಹುದಿತ್ತು. ಸೀಲ್ ನನ್ನ ಕೈಯಲ್ಲೇ ಇತ್ತು ಸಾರ್, ನಾನೇ ಇಡಿ ಅಂದೆ ಅನ್ನಬಹುದಿತ್ತು. ಐವತ್ತನಾಲ್ಕು ವರ್ಷ ನನಗೆ. ಈ ಶೆಡ್ಡು ಬಿಟ್ಟರೆ ಈ ವಯಸ್ಸಿನ ರೈಟರನ್ನು ಯಾವ ಎಸ್ಟೇಟಿನವರೂ ತಗೊಳ್ಳುವುದಿಲ್ಲ. ಸಹಿ ಹಾಕಿದ ಕಾಗದ ಬೇರೆ ಅವರ ಫೈಲಿನಲ್ಲಿತ್ತು. ಹೆದರಿದೆ. ಸುಸ್ತಾಗಿದ್ದೆ ಅಂತ ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದೆ.

ಸಾಹುಕಾರರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ನಮ್ಮ ಕೆಲಸದವಳೊಬ್ಬಳು ಮೂಢನಂಬಿಕೆಯಿಂದ, ಜವಾಬ್ದಾರಿಯುಳ್ಳ ಸಿಬ್ಬಂದಿಯ ಗಮನಕ್ಕೆ ಬಾರದಂತೆ, ಸದರಿ ವಸ್ತುಗಳನ್ನು ಪೆಟ್ಟಿಗೆಯೊಳಗೆ ಇಟ್ಟಿರುತ್ತಾಳೆ. ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ. ಜವಾಬ್ದಾರಿಯುಳ್ಳ ಸಿಬ್ಬಂದಿ ಅಂದರೆ ನಾನು. ಕೆಳಗೆ ಸಹಿಯೂ ನನ್ನದೇ.

"ತೆಗೆಯಲಾಗಿದೆ ಅಂತ ಬರೆದ್ವಿ ಸಾರ್" ಅಂದೆ.

"ಹೂಂ. ಬರೆದ ಮೇಲೆ ಅದು ನಿಜ ಆಗಿರ್ಬೇಕು. ನಾಳೆ ನಾನೇ ಮಾತಾಡ್ತೀನಿ. ನನಗೂ ಬೇಜಾರೇ ಕಣ್ರೀ." ಅವರ ಮುಖ ನೋಡಿದರೆ ಬೇಜಾರು ನಿಜವಾಗಿಯೇ ಇತ್ತು.

ಮರುದಿನ ನನ್ನನ್ನು ಚಿಕ್ಕಮಗಳೂರಿಗೆ ಕಳಿಸಿದರು, ಕಾಗದಕ್ಕೆ ಯಾವುದೋ ಆಫೀಸಿನ ಮೊಹರು ಹಾಕಿಸಲು. ಅರ್ಧ ದಿನದ ಕೆಲಸ. ನಾನು ಬೇಕೆಂದೇ ಸಂಜೆವರೆಗೆ ಎಳೆದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಮೂಡಿಗೆರೆ ಬಸ್ಸನ್ನು ನೋಡುತ್ತಾ ಕೂತು ಬಿಟ್ಟೆ. ಅದರ ಮಾರನೆಯ ದಿನ ಶೆಡ್ಡಿಗೆ ಹೋದರೆ ಮೊದಲ ಮೇಜಿನಲ್ಲಿ ಬೇರೆ ಹೆಂಗಸು ಕೂತಿದ್ದಳು. ದೊಡ್ಡಕ್ಕ ಹೆಚ್ಚು ಮಾತಾಡದೆ ತಮ್ಮ ಊಟದ ಡಬ್ಬಿ, ಕೊಡೆ ತಗೊಂಡು ಹೋದರಂತೆ. ಉಳಿದ ಹೆಂಗಸರು ನನ್ನನ್ನು ನೋಡಲೂ ಇಲ್ಲ, ನೋಡದೆಯೂ ಇರಲಿಲ್ಲ. ಹಾಜರಿ ಕೂಗುವಾಗ ಅವರ ಹೆಸರು ಬಾಯಿಗೆ ಬಂದುಬಿಟ್ಟಿತು. ನಾನು ಮುಂದಿನ ಹೆಸರು ಕೂಗಿದೆ.

ಸಾಹುಕಾರರು ನನಗೆ ಏನೂ ಹೇಳಲಿಲ್ಲ. ಹಾಗಾದರೆ ದೊಡ್ಡಕ್ಕ ನನ್ನ ಮಾತು ಎತ್ತಿಲ್ಲ ಅಂತಾಯಿತು. ಗಾಬರಿಯಲ್ಲಿ ಮರೆತಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಹತ್ತು ದಿನದ ಮೇಲೆ ಡಬ್ಬಿಗೆ ಬಿಡುಗಡೆಯಾಯಿತು. ಕಾಗದ ಒಪ್ಪಿಕೊಂಡಿದ್ದರು. ಗಂಟು ಸುಟ್ಟರು, ಕಾಫಿಗೆ ಹೊಗೆ ಹಾಕಿದರು. "ಇನ್ನು ಒಂದು ತಿಂಗಳಲ್ಲಿ ಇದೇ ಬಂದರಿನ ಕ್ಯಾಂಟೀನಿನಲ್ಲಿ ನಿಮ್ಮ ಕಾಫಿ ಕುಡಿಯುತ್ತಾರೆ. ಇಲ್ಲಿ ಡಬ್ಬಿ ಇಳಿಸುವವರೆಲ್ಲ ನಿಮ್ಮಿಂದ ಕೊಂಡ ಕಂಪನಿಯ ಪುಡಿಯನ್ನೇ ಕುಡಿಯುವುದು" ಅಂತ ಏಜೆಂಟ್ ಬರೆದರು. ಸಾಹುಕಾರರು ಎಲ್ಲರಿಗೂ ಸಿಹಿ ಹಂಚಿದರು. ನಾನೂ ತಗೊಂಡೆ. ಎರಡನೇ ಕಂಟೇನರಿಗೆ ಆರ್ಡರು ಬಂತು. ಅದನ್ನು ನಾನೇ ಪೊರಕೆ ಹಿಡಿದು ಗುಡಿಸಿ, ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ ಕಳಿಸಿದೆ. ಯಾವ ಹೆಂಗಸೂ ಹತ್ತಿರ ಬರಲಿಲ್ಲ.

ದೊಡ್ಡಕ್ಕ ಬಾಡಿಗೆ ಮನೆ ಖಾಲಿ ಮಾಡಿ ಸಂಸೆಗೆ, ತಂಗಿಯ ಮನೆಗೆ, ಹೋದ ಸುದ್ದಿ ಆಷಾಢ ಮುಗಿಯುವ ಮೊದಲೇ ಬಂದಿತ್ತು. ಹೋಗಿ ನೋಡಿ ಬರಬೇಕು ಅಂತ ಪ್ರತಿ ಭಾನುವಾರ ಅಂದುಕೊಂಡೆ. ಒಂದು ವಾರ ಮಳೆ ಅಂದೆ, ಒಂದು ವಾರ ರೋಡು ಕುಸಿದಿದೆ ಅಂದೆ, ಗಣಪತಿ ಹಬ್ಬ ಅಂದೆ, ದಸರಾ ಅಂದೆ. ಕೊನೆಗೆ ಕಾರ್ತಿಕದಲ್ಲಿ, ನೆಪಗಳೆಲ್ಲ ಮುಗಿದ ಮೇಲೆ, ಬೆಳಗಿನ ಬಸ್ಸು ಹತ್ತಿದೆ. ಕಳಸದಲ್ಲಿ ಇಳಿದು, ಅಲ್ಲಿಂದ ಜೀಪು. ಸೊಂಟ ಹಿಡಿದುಕೊಂಡಿತ್ತು.

ತಂಗಿಯದು ರೋಡಿನ ಪಕ್ಕದ ಸಣ್ಣ ಹೋಟ್ಲು, ನಾಲ್ಕು ಬೆಂಚು. ದೊಡ್ಡಕ್ಕ ಹೊರಗೆ ಬಿಸಿಲಿಗೆ ಕೂತು ಮೊರದಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ. "ಬನ್ನಿ ರೈಟ್ರೇ" ಅಂದರು. ತಂಗಿಗೆ ಕಾಫಿ ತರಲು ಹೇಳಿದರು. ನಾನು ಬೆಂಚಿನ ತುದಿಯಲ್ಲಿ ಕೂತೆ.

"ಬಿಟ್ರಾ ಅದನ್ನ?" ಅಂತ ಕೇಳಿದರು.

"ಬಿಟ್ರು. ಆವಾಗ್ಲೇ ಬಿಟ್ರು."

"ಸುಡ್ಲಿಲ್ಲ?"

"ಗಂಟು ಮಾತ್ರ ಸುಟ್ರು. ಕಾಫಿ ಬಿಟ್ರು."

ಅವರು ತಲೆಯಾಡಿಸಿದರು. ಕೈ ನಿಲ್ಲಲಿಲ್ಲ. ಇಷ್ಟು ದಿನ ಈ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ನಾಲ್ಕು ತಿಂಗಳು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಬಾಯಿಗೆ ಬರಲಿಲ್ಲ. "ದೊಡ್ಡಕ್ಕ, ಅವತ್ತು ಇಡಿ ಅಂದಿದ್ದು ನಾನು" ಅಂದೆ.

"ಗೊತ್ತಲ್ಲ. ನಾನೇ ಅಲ್ವಾ ಕೇಳಿದ್ದು."

"ಸಾಹುಕಾರ್ರಿಗೆ ಹೇಳ್ಬೇಕಿತ್ತು ನೀವು."

"ಅವ್ರೂ ಕೇಳಿದ್ರು. ರೈಟರಿಗೆ ಗೊತ್ತಿತ್ತಾ ದೊಡ್ಡಕ್ಕ, ನಿಜ ಹೇಳಿ ಅಂತ. ಇಲ್ಲ ಅಂದೆ."

ಕಾಫಿ ಲೋಟ ನನ್ನ ಕೈಯಲ್ಲಿತ್ತು. ಅದನ್ನು ಬೆಂಚಿನ ಮೇಲಿಟ್ಟೆ. "ಯಾಕೆ?" ಅಂದೆ.

"ಇಬ್ರೂ ಹೋದ್ರೆ ಆ ಕಾಗ್ದ ಎಲ್ಲ ಯಾರ್ ಬರೀತಿದ್ರು ರೈಟ್ರೇ? ಸಾಹುಕಾರ್ರಿಗೆ ಅದು ಬರಲ್ಲ. ಕಾಗ್ದ ಹೋಗ್ದಿದ್ರೆ ಕಾಫಿ ಸುಟ್ಟಾಕ್ತಿದ್ರಂತಲ್ಲ. ಮುನ್ನೂರ್ ಇಪ್ಪತ್ತು ಚೀಲ. ಅಷ್ಟೂ ನಮ್ ಕೈಲಿ ಹಾಯ್ದದ್ದು." ಒಂದು ಕಲ್ಲು ಹೆಕ್ಕಿ ಬಿಸಾಡಿದರು. "ನಿಮ್ ಮೇಲೆ ಪ್ರೀತಿ ಉಕ್ಕಿ ಹೇಳಿದ್ದಲ್ಲ. ಸಿಟ್ಟಿತ್ತು. ಈಗ್ಲೂ ಇದೆ. ನೀವು ಅವತ್ತೇ ಸಂಜೆ ಬರ್ತೀರ ಅಂದ್ಕೊಂಡಿದ್ದೆ."

ಕಣ್ಣು ಒದ್ದೆಯಾಯಿತು, ಒರೆಸಿಕೊಂಡೆ. ಅವರು ನೋಡಿದರೂ ನೋಡದವರ ಹಾಗೆ ಮೊರ ಕೇರಿದರು.

"ಈಗಾದ್ರೂ ನಿಜ ಹೇಳಿದ್ರೆ ನಿಮ್ಮನ್ನ ವಾಪಸ್ ಕರೀತಾರೆ ದೊಡ್ಡಕ್ಕ. ಕಾಫಿ ಹೆಂಗೂ ಬಿಟ್ಟಾಯ್ತು" ಅಂದೆ.

ಅವರ ಕೈ ನಿಂತಿತು. ಆ ಹೊತ್ತಿನಲ್ಲಿ ಮೊದಲ ಸಲ ನನ್ನ ಮುಖ ನೇರ ನೋಡಿದರು. ಅವರಿಗೆ ವಾಪಸ್ ಬರುವ ಆಸೆ ಇದೆ ಅನ್ನುವುದು ಆ ಮುಖದಲ್ಲಿ ಕಾಣುತ್ತಿತ್ತು. ಅದು ಕಾಣದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಹೇಳ್ತೀರಾ?" ಅಂದರು.

"ಹೇಳ್ತೀನಿ" ಅಂದೆ.

ಅದು ಹೋದ ಕಾರ್ತಿಕದ ಮಾತು. ಈ ವರ್ಷದ ಮೊದಲ ಕಂಟೇನರ್ ಮೊನ್ನೆ ಮಂಗಳೂರಿಗೆ ಇಳಿಯಿತು, ಕಾಗದಕ್ಕೆಲ್ಲ ನಾನೇ ಸಹಿ ಹಾಕಿದೆ. ಸಾಹುಕಾರರು ದಿನಾ ಎದುರಿಗೇ ಕೂರುತ್ತಾರೆ. ನಾನು ಇನ್ನೂ ಹೇಳಿಲ್ಲ.